ಕಣ್ದಾರಿ ತಪ್ಪಿಸಿದ ಹೆಂಗಸರು

ಫೋನನ್ನು ಮುಖದ ಮುಂದೆ ಹಿಡಿದು ಕೂತಿದ್ದ ಹುಡುಗಿಯ ನೋಟ ಪರದೆಯ ಚಿತ್ರದಲ್ಲಿ ಅಂಬಾರಿಯಿಂದ ಕಹಳೆಯವರತ್ತ ಸರಿಯಿತು. ಅವಳಾಗಿ ಸರಿಸಿದ್ದಲ್ಲ. ಕಹಳೆಯ ಹಳದಿ ಒಂದಿಷ್ಟು ಮಿನುಗಿತು, ಕಣ್ಣು ಅತ್ತ ಹೋಯಿತು. ಆ ಹಳದಿಯನ್ನು ಯಾವ ಕಲ್ಲು ಅರೆದು ಮಾಡಿದರೆಂದು ಕಿವಿಯಲ್ಲೊಂದು ಮೆಲುದನಿ ಹೇಳಿತು. ಪಾಠ ಮುಗಿದರೂ ಫೋನ್ ಕೆಳಗಿಡಲು ಮನಸ್ಸಾಗದೆ ಅವಳು ಮತ್ತೊಂದು ಚಿತ್ರ ತೆರೆದಳು.

ಧಾರವಾಡದ ಪ್ರಯೋಗಾಲಯದಲ್ಲಿ ಇಂಥ ಸಾವಿರಾರು ನೋಟಗಳ ಜಾಡನ್ನು ಪರದೆಯ ಮೇಲೆ ನೋಡುವುದು ಕಸ್ತೂರಿ ಕಟ್ಟೀಮನಿಯ ದಿನದ ಕೆಲಸ. ಕಲೆಯ ಇತಿಹಾಸ ಕಲಿಸುವ ‘ಕಣ್ದಾರಿ’ ಆ್ಯಪ್ ಅವಳ ವಿನ್ಯಾಸ. ಫೋನಿನ ಕ್ಯಾಮೆರಾ ಕಣ್ಣಿನ ಪಾಪೆಯನ್ನು ಗಮನಿಸುತ್ತಿತ್ತು. ಬೇಸರವಿರಲಿ, ಅಳುಕಿರಲಿ, ಮನಸ್ಸಿಗೆ ಗೊತ್ತಾಗುವ ಮೊದಲೇ ಪಾಪೆ ಕದಲುತ್ತದೆ. ಅದು ಕದಲಿದೊಡನೆ ಆ್ಯಪ್ ಚಿತ್ರದ ಆ ಭಾಗವನ್ನು ತುಸು ಮಂಕಾಗಿಸಿ ಇನ್ನೊಂದು ಭಾಗಕ್ಕೆ ಹೊಳಪು ಕೊಡುತ್ತಿತ್ತು. ಬಳಸುವವರಿಗೆ ಎಲ್ಲೂ ತಡೆ ಎನಿಸಬಾರದು ಎಂಬುದೇ ಅವಳ ಸೂತ್ರ. ಮಕ್ಕಳು ಪಾಠವನ್ನು ಅರ್ಧಕ್ಕೆ ಬಿಡುವುದು ನಿಂತಿತು. ಒಂದು ದಶಕದೊಳಗೆ ರಾಜ್ಯದ ಹೆಚ್ಚಿನ ಶಾಲೆಗಳಿಗೆ ಕಣ್ದಾರಿ ಬಂತು. ಹೊಸ ಆವೃತ್ತಿಗಳನ್ನೆಲ್ಲ ಕಸ್ತೂರಿ ಮೊದಲು ತಾನೇ ಬಳಸಿ ನೋಡುತ್ತಿದ್ದಳು.

ಒಂದು ದಿನ ಹಿರೇಹೊಂಡದ ಚಿತ್ರಕಲಾ ಶಿಕ್ಷಕಿ ಶಕುಂತಲಾ ಹಡಪದ ಫೋನ್ ಮಾಡಿದರು. “ಮೇಡಂ, ಒಮ್ಮೆ ಬಂದು ಹೋಗ್ರಿ. ಇದು ಬಾಯಿಲೆ ಹೇಳಿದ್ರ ತಿಳಿಯೂದಲ್ಲ.”

ಹಿರೇಹೊಂಡದ ಕೋಟೆಯ ಸಭಾಂಗಣದ ಗೋಡೆ ತುಂಬ ಒಂದು ಹಳೆಯ ವಿಜಯಯಾತ್ರೆಯ ಚಿತ್ರ. ಮಕ್ಕಳು ಫೋನ್ ಬದಿಗಿಟ್ಟು ಅದನ್ನು ನೋಡಿ ಬರೆಯುತ್ತಿದ್ದರು. ಕಸ್ತೂರಿ ಬೆನ್ನ ಹಿಂದಿನಿಂದ ಬಗ್ಗಿ ನೋಡಿದಳು. ಆನೆ, ಛತ್ರಿ, ಕಹಳೆ ಎಲ್ಲ ಅಚ್ಚುಕಟ್ಟಾಗಿದ್ದವು. ಪ್ರತಿಯೊಂದು ಹಾಳೆಯ ಕೆಳಭಾಗ ಮಾತ್ರ ಖಾಲಿ.

“ಸುಜಲಾ, ಇಲ್ಲಿ ಕೆಳಗ ಏನೈತಿ?” ಶಿಕ್ಷಕಿ ಕೇಳಿದರು.

“ಏನಿಲ್ರಿ ಟೀಚರ್. ಬರೇ ಗ್ವಾಡಿ.”

ಅಲ್ಲಿ ಆನೆಗಳ ಕಾಲಡಿಯಲ್ಲೇ ಸೆರೆಸಿಕ್ಕ ಹೆಂಗಸರ ಸಾಲಿತ್ತು. ಕೈಗಳನ್ನು ಹಿಂದಕ್ಕೆ ಕಟ್ಟಿದ್ದರು. ಒಬ್ಬಳು ಉರಿಯುವ ಊರಿನತ್ತ ತಿರುಗಿ ನೋಡುತ್ತಿದ್ದಳು. ಅವಳ ಸೊಂಟಕ್ಕೆ ಒಂದು ಕೂಸು ಜೋತುಬಿದ್ದಿತ್ತು. ಶಕುಂತಲಾ ಆ ಮುಖದ ಹತ್ತಿರ ಬೆರಳು ಹಿಡಿದರು. ಹುಡುಗಿ ನೋಡಿದಳು. ಮರುಕ್ಷಣ ಅವಳ ನೋಟ ಮೇಲಕ್ಕೆ ಜಾರಿತು. “ಆನಿ ಕಾಲು ಕಾಣ್ತಾವ್ರಿ,” ಎಂದಳು.

“ಕಣ್ಣಿನ ಡಾಕ್ಟರಿಗೆ ತೋರಿಸೀನಿ. ಏನೂ ಐಬಿಲ್ಲ ಅಂದ್ರು,” ಎಂದರು ಶಕುಂತಲಾ. “ನಿಮ್ಮ ಆ್ಯಪಿನ್ಯಾಗ ಈ ಹೆಂಗಸರನ್ನ ತೆಗೆದು ಹಾಕೀರೇನ್ರಿ?”

“ಇಲ್ರಿ. ಪೂರಾ ಚಿತ್ರ ಐತಿ. ಯಾರೂ ಅಲ್ಲಿ ನಿಂತು ನೋಡಲಿಲ್ಲ, ಹಂಗಾಗಿ ಅದು ಕಣ್ಣನ್ನ ಬ್ಯಾರೆ ಕಡಿ ಒಯ್ತೈತಿ,” ಎಂದಳು ಕಸ್ತೂರಿ. ಪ್ರಯೋಗಾಲಯದಲ್ಲಿ ಇದೇ ಮಾತನ್ನು ಅವಳು ಹೆಮ್ಮೆಯಿಂದ ಎಷ್ಟೋ ಸಲ ಹೇಳಿದ್ದಳು.

ಧಾರವಾಡಕ್ಕೆ ಮರಳಿದವಳೇ ಕಣ್ಣನ್ನು ನಡೆಸುವ ಭಾಗವನ್ನು ಕಿತ್ತುಹಾಕಿ, ಹೊಸ ಆವೃತ್ತಿಯನ್ನು ಹಿರೇಹೊಂಡದ ಶಾಲೆಗೆ ಕಳಿಸಿದಳು. ಕಣ್ಣು ಉರಿಯುತ್ತದೆ, ತಲೆ ನೋಯುತ್ತದೆ ಎಂದು ಹೆಚ್ಚಿನ ಮಕ್ಕಳು ಅದನ್ನು ಮುಚ್ಚಿಟ್ಟರು. ಕಂಪನಿಯ ಮುಖ್ಯಸ್ಥ ನಿರಂಜನ ಅವಳನ್ನು ಕರೆಸಿದ. “ಬಳಸೋರಿಗೆ ಹಿಂಸೆ ಆಗೋದನ್ನ ವಿನ್ಯಾಸ ಅಂತ ಹೇಗೆ ಕರೆಯೋದು, ಕಸ್ತೂರಿ?” ಎಂದು ಸಮಾಧಾನದಿಂದಲೇ ಕೇಳಿ, ಹಳೆಯ ಆವೃತ್ತಿಯನ್ನು ಮರಳಿ ತಂದ. ಅದಕ್ಕಿಂತ ಅವಳನ್ನು ಕಂಗೆಡಿಸಿದ್ದು ಬೇರೆ. ಹೊಸ ಆವೃತ್ತಿಯನ್ನು ಬಿಡದೆ ಬಳಸಿದ ಕೆಲವೇ ಮಕ್ಕಳ ನೋಟದ ಜಾಡಿನಲ್ಲೂ ಆ ಹೆಂಗಸರು ಇರಲಿಲ್ಲ. ಆ್ಯಪ್ ನಡೆಸದಿದ್ದರೂ ಕಣ್ಣು ಕಲಿತ ದಾರಿಯಲ್ಲೇ ಹೋಗುತ್ತಿತ್ತು.

ಇದನ್ನು ಎದುರಿಗೇ ಹೇಳಬೇಕೆಂದು ಕಸ್ತೂರಿ ಮತ್ತೆ ಹಿರೇಹೊಂಡಕ್ಕೆ ಹೋದಳು. ಶಾಲೆ ಬಿಟ್ಟ ಮೇಲೆ ಇಬ್ಬರೂ ಮಾತಾಡುತ್ತ ಬಸ್ ನಿಲ್ದಾಣದೊಳಗೆ ಬಂದರು. ಕಣ್ದಾರಿಯನ್ನು ಎಂದೂ ಬಳಸದ ಶಕುಂತಲಾ ಥಟ್ಟನೆ ನಿಂತರು.

“ಮೇಡಂ, ಆಕಿನ್ನ ನೋಡಿದ್ರೇನು?”

“ಯಾರನ್ನ?”

ನಾಲ್ಕು ಹೆಜ್ಜೆ ಹಿಂದೆ, ಕಂಬಕ್ಕೊರಗಿ ಒಬ್ಬ ಹೆಂಗಸು ಕೂತಿದ್ದಳು. ಹಣೆ ಒಡೆದು ರಕ್ತ ಕೆನ್ನೆಗಿಳಿದಿತ್ತು. ಕಣ್ದಾರಿಯಲ್ಲಿ ಕಲಿತು ಬೆಳೆದ ಜನ ಬರುತ್ತಿದ್ದರು, ಹೋಗುತ್ತಿದ್ದರು. ಯಾರೂ ಅಸಹ್ಯಪಡಲಿಲ್ಲ, ಮರುಗಲಿಲ್ಲ. ಹರಟುತ್ತಲೇ ತುಸು ಪಕ್ಕಕ್ಕೆ ಸರಿದು ಸಾಗುತ್ತಿದ್ದರು. ಅವಳ ಚಾಚಿದ ಕಾಲನ್ನು ಕಸ್ತೂರಿ ಈಗಷ್ಟೇ ದಾಟಿ ಬಂದಿದ್ದಳು.

ಶಕುಂತಲಾ ನೀರು ತರಲು ಓಡಿದರು. ಕಸ್ತೂರಿ ಹೆಂಗಸಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಚಿಕ್ಕವಳಿದ್ದಾಗ ಅವ್ವನ ಫೋನು ಹಿಡಿದು, ನೋಡಲಾಗದ ಚಿತ್ರ ಬಂದರೆ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿಬಿಡುತ್ತಿದ್ದುದು ಅವಳಿಗೆ ನೆನಪಾಯಿತು. ಮನೆಯಲ್ಲಿ ಎಲ್ಲರೂ ಹಾಗೇ ತಳ್ಳುತ್ತಿದ್ದರು. ಆಗ ಏನನ್ನು ತಳ್ಳಿದೆವೆಂದು ಕೈಗಾದರೂ ಗೊತ್ತಿರುತ್ತಿತ್ತು.

“ಹೆಸರೇನ್ರಿ ನಿಮ್ಮದು?” ಎಂದು ಕೇಳಿದಳು.

ಹೆಂಗಸು ಏನೋ ಹೇಳಿದಳು. ಅಷ್ಟರಲ್ಲಿ ಕಸ್ತೂರಿಯ ನೋಟ ಎದುರು ನಿಂತ ಬಸ್ಸಿನ ಹೊಸ ಬಣ್ಣದ ಮೇಲಿತ್ತು. ಕಸ್ತೂರಿ ಎರಡೂ ಕೈಯಿಂದ ತನ್ನ ಮುಖ ಹಿಡಿದು ಈಚೆ ತಿರುಗಿಸಿಕೊಂಡು, ಮತ್ತೊಮ್ಮೆ ಹೆಸರು ಕೇಳಿದಳು.