ಪೂರ್ವಕ್ಕೆ ತಿರುಗಿಸಿದ ಜನರೇಟರ್

ರಸಾಯನಶಾಸ್ತ್ರ ಓದಿದ ನನಗೆ ಇದನ್ನು ಹೇಳಲು ಸಂಕೋಚವೇ. ನಮ್ಮ ಕ್ಯಾಂಪಿಂಗ್ ಟ್ರೇಲರ್‌ಗೆ ಜನರೇಟರ್ ಹುಡುಕುತ್ತಿದ್ದೆ. ನಗರ್ತಪೇಟೆಯ ವ್ಯಾಪಾರಿ ರಾಮಾಂಜಿನಪ್ಪ ಒಂದು ಹಳೆಯ ಯಂತ್ರವನ್ನು ಹನುಮಂತನಗರದ ನಮ್ಮ ಮನೆಗೇ ತಂದು, ಓಡಿಸಿ ನೋಡಿ ಎಂದರು. ಅಂಗಳದಲ್ಲಿದ್ದ ಟ್ರೇಲರ್‌ನೊಳಗೆ ಮಗಳು ರಕ್ಷಿತಾ ಮಧ್ಯಾಹ್ನದ ನಿದ್ದೆಯಲ್ಲಿದ್ದಳು.

"ರೀ, ಮೊದ್ಲು ಪೂಜೆ ಆಗ್ಲಿ. ಅದರ ಮುಖ ಪೂರ್ವಕ್ಕೆ ತಿರುಗ್ಸಿ," ಎಂದಳು ಹೆಂಡತಿ ವಾಣಿ.

ತಿರುಗಿಸಿ, ಕುಂಕುಮವಿಟ್ಟು, ಚಾಲೂ ಮಾಡುವ ಹಗ್ಗ ಎಳೆದೆ. ಯಂತ್ರ ಸ್ವಲ್ಪ ಹೊತ್ತು ಓಡಿ ನಿಂತಿತು. ಪೆಟ್ರೋಲ್ ಇತ್ತು, ಪ್ಲಗ್ ಸರಿಯಿತ್ತು. ಮತ್ತೆ ಎಳೆದೆ, ಮತ್ತೆ ನಿಂತಿತು. ಮುಟ್ಟಿದರೆ, ಆಗಷ್ಟೇ ಓಡಿದ ಎಂಜಿನ್ ಬಿಸಿಲಿನಲ್ಲೂ ತಣ್ಣಗಿತ್ತು. ಇನ್ನೊಮ್ಮೆ ಎಳೆಯಹೋದಾಗ ಹಗ್ಗ ಬರಲಿಲ್ಲ. ಒಳಗಿನಿಂದ ಯಾರೋ ಮೆಲ್ಲಗೆ ಹಿಡಿದುಕೊಂಡಂತಿತ್ತು.

"ಪೂಜೆ ಜಾಸ್ತಿ ಮಾಡ್ಬಿಟ್ರಿ ಮೇಡಂ, ನಾಚ್ಕೋತಿದೆ," ರಾಮಾಂಜಿನಪ್ಪ ನಕ್ಕರು.

ಬಗ್ಗಿ ನೋಡಿದೆ. ಯಂತ್ರವನ್ನು ತಿರುಗಿಸಿದ್ದರಿಂದ ಅದರ ಹೊಗೆಕೊಳವೆ ಟ್ರೇಲರ್‌ನ ತೆರೆದ ಕಿಟಕಿಗೆ ನೇರವಾಗಿತ್ತು. ಆ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ನಿದ್ದೆಯಲ್ಲಿರುವವರು ಹಾಗೆಯೇ ಸತ್ತುಹೋಗಬಹುದು. ಒಳಗೆ ಓಡಿ ಮಗಳನ್ನು ಹೊತ್ತು ತಂದೆ.

"ತಲೆ ನೋಯ್ತಿದೆ ಅಪ್ಪಾ, ಇಳ್ಸು," ಎಂದು ಅವಳು ಸಿಡುಕಿದಳು. ಅವಳ ಸಿಡುಕು ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ.

ಈ ಅನಿಲ ಹೆಚ್ಚಾದರೆ ತಾವಾಗಿಯೇ ನಿಲ್ಲುವ ಜನರೇಟರ್‌ಗಳಿವೆ. ಇದೂ ಅಂಥದ್ದೇ ಎಂದುಕೊಂಡು, ನೆಮ್ಮದಿಯಿಂದ ಇದನ್ನೇ ಕೊಂಡೆ. ಮರುದಿನ ಮುಚ್ಚಳ ಬಿಚ್ಚಿ ಒಂದೊಂದು ತಂತಿಯನ್ನೂ ಹಿಡಿದು ಹುಡುಕಿದೆ. ಅದರಲ್ಲಿ ಅನಿಲವನ್ನು ಗುರುತಿಸುವ ಸೆನ್ಸರ್ ಇರಲೇ ಇಲ್ಲ.