ಹೆಸರೆತ್ತದ ಪ್ರಾರ್ಥನೆ

ಅವನು ನನ್ನ ಎದುರಿಗೇ ಮಂಡಿಯೂರಿ ಕೂತಿದ್ದ. ನನಗೆ ಬೇಕಾಗಿದ್ದೂ ಅದೇ.

ಕಾರ್ಖಾನೆ ಬಾಗಿಲು ಹಾಕಿದಾಗಿನಿಂದ ನಮ್ಮ ಬೀದಿಯವರು ದಿನಕ್ಕೊಂದು ಮನೆಯಲ್ಲಿ ಸಂಜೆ ಪ್ರಾರ್ಥನೆಗೆ ಸೇರುತ್ತಿದ್ದೆವು. ಹಾಡು ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದು ಕೋರಿಕೆಯನ್ನು ಗಟ್ಟಿಯಾಗಿ ಹೇಳಬೇಕು, ಉಳಿದವರೆಲ್ಲ ಆಮೆನ್ ಅನ್ನಬೇಕು. ಯಾರ ಮೇಲಾದರೂ ದೂರಿದ್ದರೆ ಹೆಸರೆತ್ತುವಂತಿಲ್ಲ. ಈ ಕಾನೂನು ಬೀದಿಗೆಲ್ಲ ಹಿರಿಯರಾದ ದೊಡ್ಡಮ್ಮನದು.

ಆ ಸಂಜೆ ದೊಡ್ಡಮ್ಮನ ಮನೆಯಲ್ಲಿ ನನ್ನ ಸರದಿ ಬಂದಾಗ ನಾನು ಕಣ್ಣು ಮುಚ್ಚಲಿಲ್ಲ. ಅವನನ್ನೇ ನೋಡುತ್ತ ಹೇಳಿದೆ: "ಕರ್ತನೇ, ಸುಳ್ಳು ಕಾಗದಕ್ಕೆ ರುಜು ಹಾಕಿದವರ ಕಣ್ಣಿಗೆ ನಿದ್ದೆ ಹತ್ತದ ಹಾಗೆ ಮಾಡು."

"ಆಮೆನ್," ಅಂದರು ಎಲ್ಲರೂ.

ಅವನ ಕಣ್ಣುಗಳು ತಟ್ಟನೆ ತೆರೆದವು. ಒಂದು ಕಾಲದಲ್ಲಿ ಆ ಕಣ್ಣುಗಳಿಗೇ ನಾನು ಮರುಳಾದದ್ದು. ಎಲ್ಲರದೂ ಮುಗಿದ ಮೇಲೆ ಅವನ ಆಮೆನ್ ತಡವರಿಸುತ್ತ ಬಂತು. ನನ್ನ ಹೊಟ್ಟೆ ತಣ್ಣಗಾಯಿತು.

ವಿಷಯ ಇಷ್ಟು. ಅಪ್ಪ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕತ್ತರಿಸುವ ಮೆಷಿನ್ ನಡೆಸುತ್ತಿದ್ದರು. ಅವನು ಅಲ್ಲಿ ಸೂಪರ್‌ವೈಸರ್, ನನ್ನನ್ನು ಮದುವೆಯಾಗಬೇಕಾದವನು. ಕೈ ಅಡ್ಡ ಬಂದರೆ ಮೆಷಿನ್ ತಾನೇ ನಿಲ್ಲುವಂತೆ ಒಂದು ಸ್ವಿಚ್ ಇತ್ತು. ಆರ್ಡರ್ ಬೇಗ ಮುಗಿಯಲಿ ಎಂದು ಯಾರೋ ಅದರ ವೈರ್ ಬಿಚ್ಚಿಸಿದ್ದರು. ಅದು ಗೊತ್ತಿಲ್ಲದೆ ಬೆಳಗಿನ ಪಾಳಿಗೆ ಹೋದ ಅಪ್ಪನ ಎರಡು ಬೆರಳು ಹೋದವು. ವೈರ್ ಬಿಚ್ಚಿದ್ದು ಅಪ್ಪನೇ ಎಂದು ವರದಿಯಾಯಿತು. ಆ ವರದಿ ನೋಡಿದ ಯಾವ ಕಾರ್ಖಾನೆಯೂ ಅವರನ್ನು ಗೇಟಿನೊಳಗೆ ಬಿಡಲಿಲ್ಲ.

"ಆ ದಿನ ನನ್ನ ಅಳಿಯ ಡ್ಯೂಟೀಲಿ ಇದ್ದಿದ್ರೆ ಹೀಗಾಗೋಕೆ ಬಿಡ್ತಿರ್ಲಿಲ್ಲ," ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಅವನು ರಜೆಯಲ್ಲಿದ್ದೆ ಎಂದು ಅವರನ್ನು ನಂಬಿಸಿದ್ದ.

ನಾನು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಾಗಿಲು ಹಾಕುವಾಗ ಕಾರ್ಖಾನೆಯ ಕಾಗದಗಳ ಕಟ್ಟು ನಕಲು ತೆಗೆಯಲು ನಮ್ಮಲ್ಲಿಗೇ ಬಂತು. ವರದಿಯ ಕೆಳಗಿದ್ದ ಆ ರುಜುವಿನ ಉದ್ದ ಬಾಲವನ್ನು ನಾನು ಅವನು ನನಗೆ ಬರೆದ ಎಷ್ಟೋ ಪತ್ರಗಳ ಕೊನೆಯಲ್ಲಿ ಬೆರಳಿಂದ ಸವರಿದ್ದೆ. ಅಪ್ಪನಿಗೆ ನಾನೇ ಹೇಳಬಹುದಿತ್ತು. ಆದರೆ ನನ್ನ ಮಾತಿನಿಂದ ವರದಿ ಬದಲಾಗುವುದಿಲ್ಲ, ಅವನೇ ಒಪ್ಪಿಕೊಳ್ಳಬೇಕು. ಅದಕ್ಕೂ ಮೊದಲು ಅವನು ಚೆನ್ನಾಗಿ ಒದ್ದಾಡಬೇಕು ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಆ ಸಂಜೆ ಪ್ರಾರ್ಥನೆ ಮುಗಿದು ಹೊರಡುವಾಗ, ಚಪ್ಪಲಿ ಹುಡುಕುವ ನೆಪದಲ್ಲಿ ಅವನು ಪಕ್ಕಕ್ಕೆ ಬಂದ.

"ನಿನಗೆ ಯಾವಾಗ ಗೊತ್ತಾಯ್ತು?"

"ಏನು ಗೊತ್ತಾಗೋದು? ನಾನು ಯಾರ ಹೆಸರೂ ಎತ್ತಿಲ್ವಲ್ಲ."

"ನನಗೆ ಶಾಪ ಹಾಕ್ತಿದ್ದೀಯ."

"ಛೆ, ಪ್ರಾರ್ಥನೆ ಮಾಡ್ತಿದ್ದೀನಿ. ಇನ್ನು ಮೂರು ಮನೆ ಆದ್ಮೇಲೆ ನಮ್ಮನೆ. ಅವತ್ತು ಹೆಸರೂ ಎತ್ತುತ್ತೀನಿ. ದೊಡ್ಡಮ್ಮ ಬೈದ್ರೆ ಬೈಲಿ."

ಮರುದಿನ ಅವನಿಗೆ ಊಟ ಸೇರದಿರಲಿ ಎಂದು ಕೇಳಿಕೊಂಡೆ. ಅದರ ಮರುದಿನ, ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಲಾಗದಿರಲಿ ಎಂದೆ.

"ಯಾರೇ ಅದು ಪಾಪಿ?" ದೊಡ್ಡಮ್ಮ ನನ್ನ ಕಿವಿಯಲ್ಲಿ ಕೇಳಿದರು. "ಇಷ್ಟೊತ್ತಿಗೆ ಅರ್ಧ ಸತ್ತಿರ್ಬೇಕು."

ಎದುರಿಗೆ ಅವನಿಗೆ ಕೆಮ್ಮು ಬಂತು.

ಅವನು ಬರದೇ ಇರಬಹುದಿತ್ತು. ಆದರೂ ದಿನಾ ಬಂದ, ದಿನಾ ನನ್ನ ಎದುರಿಗೇ ಕೂತ. ನಾಲ್ಕನೇ ಸಂಜೆ ನೋಡಿದರೆ ಕೆನ್ನೆ ಇಳಿದುಹೋಗಿತ್ತು, ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ಸರಿಮಾಡಲು ಮುಂದಾದ ಕೈಗೆ ಬುದ್ಧಿ ಹೇಳಿದೆ. ಆ ದಿನ ಮಾತ್ರ ನನ್ನ ಕೋರಿಕೆಯ ಧ್ವನಿ ಸ್ವಲ್ಪ ನಡುಗಿತು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಐದನೇ ಸಂಜೆ ನಮ್ಮ ಮನೆ. "ಬಾರಪ್ಪ, ಇಲ್ಲಿ ಕೂತ್ಕೋ," ಎಂದು ಅಪ್ಪ ಮೂರು ಬೆರಳಿನ ಕೈಯಿಂದ ಪಕ್ಕದ ಚಾಪೆ ತಟ್ಟಿದರು. ಅವನ ಸರದಿ ನನಗಿಂತ ಮೊದಲು ಬಂತು.

"ಕರ್ತನೇ..." ಎಂದವನು ಅಲ್ಲಿಗೇ ನಿಲ್ಲಿಸಿ ಅಪ್ಪನ ಕಡೆ ತಿರುಗಿದ. "ಮಾವ, ವೈರ್ ಬಿಚ್ಚಿಸಿದ್ದು ನಾನು. ವರದಿಗೆ ರುಜು ಹಾಕಿದ್ದೂ ನಾನೇ. ಇಲ್ಲಾಂದ್ರೆ ಕೆಲಸ ಹೋಗುತ್ತೆ ಅಂದ್ರು ಮ್ಯಾನೇಜರ್. ಹೆದರಿಬಿಟ್ಟೆ."

ಯಾರೂ ಆಮೆನ್ ಅನ್ನಲಿಲ್ಲ. ಅಪ್ಪ ಚಾಪೆಯ ಮೇಲಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಎದ್ದು ಹೋಗು," ಅಂದರು.

ಅವನು ಎದ್ದು ಹೋದ. ನಾನು ಗೆದ್ದಿದ್ದೆ, ಆದರೂ ಕೂರಲಾಗಲಿಲ್ಲ. ಮೇಜಿನ ಮೇಲಿದ್ದ ಕಾಗದ, ಪೆನ್ನು ತೆಗೆದುಕೊಂಡು ಹೊರಗೆ ಹೋದೆ. ಅವನು ಮೆಟ್ಟಿಲ ಮೇಲೆ ಕೂತಿದ್ದ.

"ಬಾಯಲ್ಲಿ ಹೇಳಿದ್ದು ಕಾರ್ಖಾನೆ ಗೇಟಿನ ಹತ್ರ ನಡೆಯಲ್ಲ. ಬರಿ."

ಬರೆದ. ನಾನು ಭುಜದ ಮೇಲಿಂದ ಬಗ್ಗಿ ಓದಿದೆ.

"'ಅಚಾತುರ್ಯದಿಂದ' ಅಂತೆ! ಹೊಡೆದುಹಾಕು ಅದನ್ನ. 'ಗೊತ್ತಿದ್ದೂ' ಅಂತ ಬರಿ."

ಹೊಡೆದುಹಾಕಿ ಬರೆದ. "ಇದು ಹೊರಗೆ ಬಂದ್ರೆ ನನಗೆ ಎಲ್ಲೂ ಕೆಲಸ ಸಿಗಲ್ಲ."

"ಗೊತ್ತು. ರುಜು ಹಾಕು."

ಹಾಕಿದ. ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡು ಕೇಳಿದೆ: "ದಿನಾ ಯಾಕೆ ಬಂದೆ? ತಪ್ಪಿಸ್ಕೋಬಹುದಿತ್ತಲ್ಲ."

"ನೀನು ನನ್ನ ಮುಖ ನೋಡ್ತಿದ್ದಿದ್ದು ಅದೊಂದೇ ಹೊತ್ತು," ಅಂದ. "ಶಪಿಸೋಕಾದ್ರೂ ಸರಿ."

ಅವನ ತೋಳು ಹಿಡಿದು ಒಳಗೆ ಎಳೆದುಕೊಂಡು ಬಂದೆ. ಯಾರೂ ಎದ್ದಿರಲಿಲ್ಲ. ಅಪ್ಪ ಕಾಗದವನ್ನು ಎರಡು ಸಲ ಓದಿದರು. ಮಡಚಲು ಕೈ ಒಗ್ಗದೆ ತಿಣುಕಾಡಿದರು. ಅವನು ಸಹಾಯಕ್ಕೆ ಬಗ್ಗಿದಾಗ ಕಾಗದವನ್ನು ಎದೆಗೊತ್ತಿಕೊಂಡರು.

"ನಾಳೆ ಬೆಳಗ್ಗೆ ನನ್ನ ಜೊತೆ ಬಂದು ಕಾರ್ಮಿಕ ಇಲಾಖೆ ಆಫೀಸಿನವರ ಮುಂದೆ ಇದನ್ನ ಓದ್ತೀಯ," ಅಂದರು. ಆಮೇಲೆ, ಅವನ ಕಡೆ ನೋಡದೆಯೇ, "ಮಂಡಿಯೂರು. ಪ್ರಾರ್ಥನೆ ಮುಗಿದಿಲ್ಲ," ಅಂದರು.

ಇನ್ನು ನನ್ನ ಸರದಿ. ಮೊದಲ ಸಲ ಕಣ್ಣು ಮುಚ್ಚಿದೆ.

"ಕರ್ತನೇ, ಈ ಮನುಷ್ಯನನ್ನ ನಾನು ಕ್ಷಮಿಸಿಲ್ಲ. ಇಷ್ಟು ಬೇಗ ಕ್ಷಮಿಸೋದೂ ಇಲ್ಲ. ಒಂದು ಐವತ್ತು ವರ್ಷನಾದ್ರೂ ಬೇಕು. ಅಲ್ಲಿ ತನಕ ಇವನನ್ನ ನನ್ನ ಕೈಗೆ ಸಿಗೋ ಹಾಗೆ ಇಡು. ಒಂದು ದಿನಕ್ಕೂ ದೂರ ಹೋಗೋಕೆ ಬಿಡಬೇಡ."

ದೊಡ್ಡಮ್ಮ ಆಮೆನ್ ಅಂದರು. ಅವನು ಅಳುತ್ತ ಅಂದ. ಅಪ್ಪನ ಆಮೆನ್‌ಗಾಗಿ ನಾವೆಲ್ಲ ಮಂಡಿಯ ಮೇಲೆಯೇ ಕಾದೆವು. ಕೊನೆಗೆ ಅವರೂ ಅಂದರು.