ಮುಂದೂಡಿದ ತಾರೀಖುಗಳು

"ರಿಜಿಸ್ಟರ್ ಕೆಳಗಿಡು!"

ಆಸ್ಪತ್ರೆಯ ಸೆಕ್ಯೂರಿಟಿಯವನ ಮೊಣಕೈ ನನ್ನ ಗಂಟಲಿನ ಮೇಲಿತ್ತು. ಇನ್ನೊಂದಿಷ್ಟು ಒತ್ತಿದ್ದರೆ ನಾನೂ ಆ ರೆಕಾರ್ಡ್ ರೂಮಿನಲ್ಲಿ ಧೂಳು ತಿನ್ನುವ ಫೈಲಾಗುತ್ತಿದ್ದೆ!

ಮಂಡಿಯಿಂದ ಒಂದು ಬಿಟ್ಟೆ. ಮಡಚಿಕೊಂಡ.

ಕಾಲಿಗೆ ಬುದ್ಧಿ ಹೇಳಿದೆ.

ಕೇಳಿ... ನಾನು ಖಾಸಗಿ ಪತ್ತೇದಾರ. ನನ್ನನ್ನು ಕಳಿಸಿದ್ದು ಒಬ್ಬ ಟೈಲರಮ್ಮ. ಅವಳ ಗಂಡನಿಗೆ ಕರುಳಿನ ಕ್ಯಾನ್ಸರ್. ಮೂರು ಕೀಮೋ ಆಗಿ ಗಡ್ಡೆ ಕರಗುತ್ತಿತ್ತು. ಅಷ್ಟರಲ್ಲಿ ಮಹಾಮಾರಿ! ಕ್ಯಾನ್ಸರ್ ವಾರ್ಡು ಸೋಂಕಿತರ ವಾರ್ಡಾಯಿತು.

"ಸೋಂಕು ಅವರನ್ನ ಮುಟ್ಟಲೇ ಇಲ್ಲ ಅಣ್ಣಾ," ಅಂದಿದ್ದಳು. "ಆದ್ರೂ ಕೊಂದಿದ್ದು ಅದೇ. ಚಿಕಿತ್ಸೆ ನಿಂತೇ ಇರ್ಲಿಲ್ಲ ಅಂತಾರೆ ಆಸ್ಪತ್ರೆಯವ್ರು. ಸುಳ್ಳು ಅಂತ ತೋರಿಸ್ಕೊಡಿ."

ಸಾಕ್ಷಿ ನನ್ನ ಕಂಕುಳಲ್ಲಿತ್ತು. ಹಿಂದಿನ ವರ್ಷ ಆ ವಾರ್ಡಿನ ರೋಗಿಗಳಲ್ಲಿ ಸತ್ತವರು ಇಪ್ಪತ್ತೆರಡು. ಮಹಾಮಾರಿಯ ವರ್ಷ ಅರವತ್ತೊಂದು! ಬಹುಪಾಲು ಹೆಸರುಗಳ ಮುಂದೆ ಒಂದೇ ಮೊಹರು... 'ಮುಂದೂಡಲಾಗಿದೆ'.

ಹಿಂದೆ ಬೂಟಿನ ಸದ್ದು. ಮೆಟ್ಟಿಲು ಹತ್ತಿ, ಖಾಲಿ ವಾರ್ಡು ದಾಟಿದೆ. ಮಧ್ಯಾಹ್ನದ ಬಿಸಿಲು. ಹಾಸಿಗೆಗಳ ಮೇಲೆ ಯಾರೂ ಇರಲಿಲ್ಲ... ಆದರೂ ರಿಜಿಸ್ಟರಿನಲ್ಲಿದ್ದ ಅಷ್ಟೂ ಜನ ತಲೆಯೆತ್ತಿ ನೋಡಿದಂತಾಯಿತು.

ಬಾಗಿಲಲ್ಲಿ ದೊಡ್ಡ ಡಾಕ್ಟರು!

"ಬಿಡೋ ಅವರನ್ನ," ಎಂದು ಸೆಕ್ಯೂರಿಟಿಗೆ ಕೈ ಅಡ್ಡ ಮಾಡಿದರು. ನನ್ನ ಕಡೆ ತಿರುಗಿ, "ತಗೊಂಡ್ಹೋಗಿ. ಸುಳ್ಳು ಹೇಳಿದ್ದು ನಾನೇ. ಇದ್ದಿದ್ದು ನಲವತ್ತು ಬೆಡ್ಡು. ಉಸಿರಿಗೆ ಒದ್ದಾಡೋರನ್ನ ಆಚೆ ಹಾಕ್ಬೇಕಿತ್ತಾ?"

"ಕ್ಯಾನ್ಸರ್ ರೋಗಿಗಳನ್ನ ಬೇರೆ ಕಡೆ ಕಳಿಸ್ಬೋದಿತ್ತು."

"ಕಳಿಸ್ಬೋದಿತ್ತು..." ಡಾಕ್ಟರು ನನ್ನ ಗುರುತು ಹಿಡಿದವರಂತೆ ದಿಟ್ಟಿಸಿದರು. "ಐದನೇ ಪುಟ ನೋಡಿದ್ರಾ?"

ನೋಡಿದ್ದೆ. ಅಲ್ಲಿದ್ದಳು ನನ್ನ ಅಕ್ಕ. ವಾರ್ಡು ಮುಚ್ಚುವ ಮುಂಚಿನ ಕೊನೆಯ ಆಪರೇಷನ್ ಅವಳದಾಗಬೇಕಿತ್ತು. ಅವಳ ಹೆಸರಿನ ಮುಂದೆ ಮೊಹರಿಲ್ಲ. ಕೈಬರಹ... 'ತಮ್ಮ ಫೋನ್ ಮಾಡಿದ್ದಾರೆ. ಬರುವುದಿಲ್ಲ.'

"ಅಲ್ಲಿಗೆ ಹೋದ್ರೆ ಸೋಂಕು ಹತ್ತುತ್ತೆ ಅಕ್ಕಾ, ಒಂದು ತಿಂಗಳು ತಡಿ," ಅಂದಿದ್ದೆ.

"ನೀನು ಹೇಳಿದ್ಮೇಲೆ ಮುಗೀತು ಕಣೋ," ಅಂದಿದ್ದಳು.

ತಿಂಗಳು ಕಳೆಯುವಷ್ಟರಲ್ಲಿ ವಾರ್ಡಿರಲಿಲ್ಲ. ಆರು ತಿಂಗಳಲ್ಲಿ ಅಕ್ಕನೂ ಇರಲಿಲ್ಲ. "ಈಗಲಾದ್ರೂ ಹೋಗೋಣ್ವೇನೋ?" ಎನ್ನುವ ಅವಳ ದನಿ ಮಾತ್ರ ಇನ್ನೂ ಕಿವಿ ಬಿಟ್ಟಿಲ್ಲ.

ಆ ಪುಟ ಹರಿಯಬಹುದಿತ್ತು. ಹರಿಯಲಿಲ್ಲ. ರಿಜಿಸ್ಟರನ್ನು ಟೈಲರಮ್ಮನ ಹೊಲಿಗೆ ಮೆಷಿನ್ ಮೇಲಿಟ್ಟೆ.

ಗಂಡನ ಹೆಸರು ಸವರಿದಳು. ಒಂದೊಂದೇ ಪುಟ ತಿರುವಿದಳು. ಐದನೆಯದರಲ್ಲಿ ಬೆರಳು ನಿಂತಿತು.

"ಪಾಪಿ! ಈ ತಮ್ಮ ಯಾರು ಅಂತ ಪತ್ತೆಯಾಯ್ತಾ ಅಣ್ಣಾ?"

"ಆಯ್ತಮ್ಮ... ನಾನು ಎಲ್ಲಿಗೆ ಓಡಿದ್ರೂ ನನ್ನ ಜೊತೇಲೇ ಬರ್ತಾನೆ!"